ಸ್ಟೆಂಟ್ ಹಾಕಿಸಿಕೊಂಡ ಹೃದಯ: ಮನೆಗೆ ಬಂದ ಮೇಲೆ



ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಯೇಸುವಿನ ಪವಿತ್ರ ಹೃದಯದ ಪಟಕ್ಕೆ ಹೊಸ ಹೂಮಾಲೆ ಬೀಳುತ್ತದೆ. 1856ರಲ್ಲಿ ಪೋಪ್ ಒಂಬತ್ತನೆಯ ಪಿಯುಸ್‌ರವರು ಈ ಹಬ್ಬವನ್ನು ಸಮಸ್ತ ಧರ್ಮಸಭೆಗೆ ವಿಸ್ತರಿಸಿದರು. ಅಂದಿನಿಂದ ಎಷ್ಟೋ ತಲೆಮಾರುಗಳು ಆ ಪಟದ ಕೆಳಗೆ ದೀಪ ಹಚ್ಚಿ, ಜಪಸರ ಮಾಡಿ ಮಲಗಿವೆ. ಆ ಪಟವನ್ನು ಒಮ್ಮೆ ಗಮನವಿಟ್ಟು ನೋಡಿ. ಅದರಲ್ಲಿರುವುದು ಕಲೆಯಿಲ್ಲದ, ಗಾಯವಿಲ್ಲದ ಹೃದಯವಲ್ಲ. ಮುಳ್ಳುಗಳು ಸುತ್ತಿಕೊಂಡ, ಈಟಿಯಿಂದ ತಿವಿಯಲ್ಪಟ್ಟ, ಆದರೂ ಉರಿಯುತ್ತಿರುವ ಹೃದಯ ಅದು.

ಈ ಹಬ್ಬದ ಹೊತ್ತಿನಲ್ಲಿ ನಾವು ಬರೆಯಹೊರಟಿರುವುದು ಮನುಷ್ಯರ ಎದೆಯೊಳಗಿನ, ಮಾಂಸರಕ್ತಗಳ ಹೃದಯದ ಬಗ್ಗೆ. ನಮ್ಮದು ಧರ್ಮಕೇಂದ್ರದಲ್ಲಿ ರೋಗಿಗಳನ್ನು ಭೇಟಿ ಮಾಡುವ ನಾಲ್ಕೈದು ಮಂದಿಯ ಪುಟ್ಟ ತಂಡ. ನಮ್ಮಲ್ಲೇ ಇಬ್ಬರ ಹೃದಯದಲ್ಲಿ ಸ್ಟೆಂಟ್ ಇದೆ. ಭಾನುವಾರದ ಪೂಜೆಯ ನಂತರ ನಾವು ಹೋಗುವ ಮನೆಗಳಲ್ಲಿ ಈಗೀಗ ಇಂಥ ಮನೆಗಳೇ ಹೆಚ್ಚು. ಆಸ್ಪತ್ರೆಯವರು ಮೂರೇ ದಿನಕ್ಕೆ ಕಳುಹಿಸಿಬಿಡುತ್ತಾರೆ. ಕೈಯಲ್ಲಿ ಒಂದು ಫೈಲು, ಒಂದು ಚೀಲ ಮಾತ್ರೆ. ಅದರ ಮುಂದಿನ ದಾರಿಯನ್ನು ಮನೆಯವರೇ ಕಂಡುಕೊಳ್ಳಬೇಕು. ಕೇಳಲು ನಾಚಿಕೆಪಡುವ ಪ್ರಶ್ನೆಗಳು, ಹೇಳಿಕೊಳ್ಳಲಾಗದ ಭಯಗಳು ಅಲ್ಲಿಂದಲೇ ಶುರು. ನಾವು ವೈದ್ಯರಲ್ಲ, ನಿಮ್ಮ ನಿಮ್ಮ ವೈದ್ಯರು ಹೇಳಿದ್ದೇ ಅಂತಿಮ. ಆದರೂ ಕಂಡದ್ದನ್ನು, ವೈದ್ಯರಿಂದ ಕೇಳಿ ತಿಳಿದದ್ದನ್ನು ಹಂಚಿಕೊಳ್ಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ಸ್ಟೆಂಟ್ ಎಂದರೇನು ಎಂಬುದು. ಹೃದಯಕ್ಕೇ ರಕ್ತ ಒದಗಿಸುವ ನಾಳಗಳಲ್ಲಿ ಕೊಬ್ಬಿನಂಶ ಸೇರಿಕೊಂಡು ದಾರಿ ಕಿರಿದಾಗುತ್ತದೆ. 1977ರಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಒಂದು ಪುಟ್ಟ ಬಲೂನನ್ನು ಆ ನಾಳದೊಳಗೆ ಕಳುಹಿಸಿ, ಉಬ್ಬಿಸಿ, ದಾರಿಯನ್ನು ಅಗಲ ಮಾಡಿದರು. ಬಲೂನು ತೆಗೆದ ಮೇಲೆ ನಾಳ ಮತ್ತೆ ಕುಗ್ಗುವ ತೊಂದರೆ ಇತ್ತು. ಅದಕ್ಕಾಗಿ 1986ರಲ್ಲಿ ಲೋಹದ ಜಾಲರಿಯ ಸಣ್ಣ ಕೊಳವೆಯನ್ನು ಮೊದಲ ಬಾರಿಗೆ ಮನುಷ್ಯರ ಹೃದಯದ ನಾಳದಲ್ಲಿ ಕೂರಿಸಲಾಯಿತು. ಅದೇ ಸ್ಟೆಂಟ್. ಈಗ ಬಳಸುವ ಹೆಚ್ಚಿನ ಸ್ಟೆಂಟ್‌ಗಳಿಗೆ ಔಷಧದ ಲೇಪವಿರುತ್ತದೆ. ಅದು ನಿಧಾನವಾಗಿ ಬಿಡುಗಡೆಯಾಗಿ ನಾಳ ಮತ್ತೆ ಮುಚ್ಚಿಕೊಳ್ಳದಂತೆ ತಡೆಯುತ್ತದೆ.

ಕೆಮ್ಮಿದರೆ, ಸೀನಿದರೆ, ಬಗ್ಗಿದರೆ ಅದು ಜಾರಿಬಿಡುತ್ತದೆಯೇ ಎಂದು ಒಬ್ಬ ಅಜ್ಜಿ ನಮ್ಮನ್ನು ಪಿಸುಮಾತಿನಲ್ಲಿ ಕೇಳಿದ್ದರು. ಆಕೆ ಎರಡು ವಾರ ಸೀನು ಬಂದರೂ ತಡೆದುಕೊಂಡಿದ್ದರಂತೆ! ಜಾರುವುದಿಲ್ಲ. ಬಲೂನಿನ ಒತ್ತಡದಿಂದ ಅದನ್ನು ನಾಳದ ಗೋಡೆಗೆ ಒತ್ತಿ ಕೂರಿಸಿರುತ್ತಾರೆ. ವಾರಗಳು, ತಿಂಗಳುಗಳು ಕಳೆದಂತೆ ನಾಳದ ಒಳಪದರವೇ ಅದರ ಮೇಲೆ ಬೆಳೆದು ಮುಚ್ಚುತ್ತದೆ. ವಿಮಾನ ನಿಲ್ದಾಣದ ತಪಾಸಣಾ ಯಂತ್ರ ಅದರಿಂದ ಕೂಗುವುದಿಲ್ಲ. ಎಂ.ಆರ್.ಐ. ಸ್ಕ್ಯಾನಿಂಗ್ ಮಾಡಿಸಬೇಕಾದರೆ ಸ್ಟೆಂಟ್ ಇದೆಯೆಂದು ಮುಂಚೆಯೇ ಹೇಳಿ, ಆಸ್ಪತ್ರೆಯವರು ಕೊಟ್ಟ ಕಾರ್ಡ್ ತೋರಿಸಿದರೆ ಸಾಕು.

ಮಣಿಕಟ್ಟಿನ ಮೂಲಕ ಸ್ಟೆಂಟ್ ಹಾಕಿದ್ದರೆ ಕೆಲವು ದಿನ ಆ ಕೈಯಿಂದ ಭಾರ ಎತ್ತಬಾರದು. ನೀರಿನ ಕೊಡವೂ ಬೇಡ, ಮೊಮ್ಮಗುವೂ ಬೇಡ. ತೊಡೆಯ ಸಂದಿನ ಮೂಲಕವಾದರೆ ಸುಮಾರು ಒಂದು ವಾರ ಕುಕ್ಕರಗಾಲಲ್ಲಿ ಕೂರುವುದು, ಪದೇ ಪದೇ ಮೆಟ್ಟಿಲು ಹತ್ತುವುದು, ಭಾರ ಎಳೆಯುವುದು ಬೇಡ. ಆ ಜಾಗ ನೀಲಿಗಟ್ಟುವುದು ಸಾಮಾನ್ಯ. ರಕ್ತ ಒಸರಿದರೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ನಿಲ್ಲದಿದ್ದರೆ ಅಥವಾ ಗಂಟು ದೊಡ್ಡದಾಗುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಷ್ಟು ಸಾಕು, ಇದು ವಾರದೊಳಗೆ ಮುಗಿಯುವ ವಿಷಯ.

ಮುಗಿಯದ ವಿಷಯವೆಂದರೆ ಮಾತ್ರೆಗಳು. ಇಲ್ಲಿ ನಾವು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ, ಓದುಗರು ಕ್ಷಮಿಸಬೇಕು. ಸ್ಟೆಂಟ್ ದೇಹಕ್ಕೆ ಹೊರಗಿನ ವಸ್ತು. ಅದರ ಮೇಲೆ ಒಳಪದರ ಬೆಳೆಯುವವರೆಗೆ ರಕ್ತ ಅದನ್ನು ಮುಟ್ಟಿದಾಗಲೆಲ್ಲ ಹೆಪ್ಪುಗಟ್ಟಲು ನೋಡುತ್ತದೆ. ಅದನ್ನು ತಡೆಯಲೆಂದೇ ಆಸ್ಪಿರಿನ್ ಜೊತೆಗೆ ಕ್ಲೋಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್‌ನಂಥ ಇನ್ನೊಂದು ಮಾತ್ರೆ ಕೊಡುತ್ತಾರೆ. ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದರೆ ಸಾಮಾನ್ಯವಾಗಿ ಒಂದು ವರ್ಷ, ಆಘಾತವಿಲ್ಲದೆ ಹಾಕಿದ್ದರೆ ಸಾಮಾನ್ಯವಾಗಿ ಆರು ತಿಂಗಳು ಈ ಎರಡೂ ಬೇಕು. ಆಮೇಲೂ ಒಂದನ್ನು ಮುಂದುವರಿಸುತ್ತಾರೆ. ಮಧ್ಯದಲ್ಲಿ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ನಾಳ ಒಮ್ಮೆಲೇ ಮುಚ್ಚಿಹೋಗಬಹುದು. ಅದು ಮೊದಲ ಆಘಾತಕ್ಕಿಂತ ಘೋರವಾಗಬಹುದು.

ನಾವು ಭೇಟಿ ಮಾಡುತ್ತಿದ್ದ ಒಬ್ಬ ಹಿರಿಯರಿಗೆ ಸ್ಟೆಂಟ್ ಹಾಕಿ ಎರಡೇ ತಿಂಗಳಾಗಿತ್ತು. ಹಲ್ಲುನೋವು ಬಂತು. ಹಲ್ಲು ಕೀಳಿಸಿದರೆ ರಕ್ತ ನಿಲ್ಲುವುದಿಲ್ಲವೆಂದು ಯಾರೋ ಹೇಳಿದರೆಂದು ಎರಡೂ ಮಾತ್ರೆಗಳನ್ನು ತಾವಾಗಿಯೇ ಬಿಟ್ಟರು. ಹೃದಯದ ವೈದ್ಯರನ್ನು ಕೇಳಲಿಲ್ಲ, ಹಲ್ಲಿನ ವೈದ್ಯರಿಗೆ ಸ್ಟೆಂಟಿನ ವಿಷಯ ಹೇಳಲಿಲ್ಲ. ಐದನೆಯ ದಿನ ರಾತ್ರಿ ಅವರನ್ನು ಮತ್ತೆ ಆಸ್ಪತ್ರೆಗೆ ಸಾಗಿಸಬೇಕಾಯಿತು. ದೇವರ ದಯೆ, ಉಳಿದರು. ಆದರೆ ಹೃದಯದ ಶಕ್ತಿ ಕುಂದಿತು, ಈಗ ಹತ್ತು ಹೆಜ್ಜೆಗೆ ನಿಲ್ಲುತ್ತಾರೆ. ಅವರ ಹಿಂದಿನ ಭಾನುವಾರವೇ ನಾವು ಆ ಮನೆಗೆ ಹೋಗಿದ್ದೆವು. ಪ್ರಾರ್ಥನೆ ಮಾಡಿ, ಕಾಫಿ ಕುಡಿದು ಬಂದೆವು. ಮಾತ್ರೆಯ ಬಗ್ಗೆ ಒಂದು ಮಾತು ಕೇಳಲಿಲ್ಲ. ಅದು ನಮ್ಮ ಮನಸ್ಸಿನಲ್ಲಿ ಇಂದಿಗೂ ಚುಚ್ಚುತ್ತಿದೆ. ಈ ಲೇಖನಕ್ಕೆ ಕಾರಣವೂ ಅದೇ.

ಮಾತ್ರೆ ಬಿಡುವುದಕ್ಕೆ ಭಕ್ತಿಯ ಕಾರಣಗಳನ್ನೂ ನಾವು ಕೇಳಿದ್ದೇವೆ. ಪರಮಪ್ರಸಾದ ಸ್ವೀಕರಿಸುವ ಮುನ್ನ ಒಂದು ಗಂಟೆ ಉಪವಾಸವಿರಬೇಕಲ್ಲವೇ, ಅದಕ್ಕೇ ಬೆಳಗಿನ ಮಾತ್ರೆ ನುಂಗಲಿಲ್ಲ ಎನ್ನುತ್ತಾರೆ. ಧರ್ಮಸಭೆಯ ಕಾನೂನು ಸ್ಪಷ್ಟವಾಗಿದೆ: ನೀರು ಮತ್ತು ಔಷಧ ಆ ಉಪವಾಸವನ್ನು ಮುರಿಯುವುದಿಲ್ಲ. ಅಷ್ಟೇ ಅಲ್ಲ, ವೃದ್ಧರು, ರೋಗಿಗಳು ಮತ್ತು ಅವರ ಶುಶ್ರೂಷೆ ಮಾಡುವವರು ಆ ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸದ ನಿಯಮ 18 ವರ್ಷ ತುಂಬಿದವರಿಂದ 59 ವರ್ಷ ತುಂಬುವವರೆಗಿನವರಿಗೆ ಮಾತ್ರ, ಅವರಲ್ಲೂ ಕಾಯಿಲೆಯವರಿಗೆ ವಿನಾಯಿತಿಯುಂಟು. ತಪಸ್ಸುಕಾಲದಲ್ಲಿ ಬರಿಹೊಟ್ಟೆಯಲ್ಲಿ ಶಿಲುಬೆಹಾದಿ ಮಾಡಿ ತಲೆಸುತ್ತಿ ಬೀಳುವುದರಿಂದ ಯಾರಿಗೂ ಪುಣ್ಯವಿಲ್ಲ. ಸಂಶಯವಿದ್ದರೆ ಧರ್ಮಕೇಂದ್ರದ ಗುರುಗಳನ್ನು ಕೇಳಿ, ಅವರೇ ಬೈದು ಮಾತ್ರೆ ನುಂಗಿಸುತ್ತಾರೆ.

ಹಣದ ಕಾರಣವೂ ಉಂಟು, ಅದನ್ನು ಹೇಳಿಕೊಳ್ಳಲು ಸಂಕೋಚ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟಿನ ಬೆಲೆಗೆ ಮಿತಿ ಹಾಕಿ, ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಎಂದು ನಿಗದಿ ಮಾಡಿದಾಗ ಎಷ್ಟೋ ಕುಟುಂಬಗಳು ನಿಟ್ಟುಸಿರುಬಿಟ್ಟವು. ಆದರೆ ತಿಂಗಳು ತಿಂಗಳೂ ಕೊಳ್ಳಬೇಕಾದ ಮಾತ್ರೆಯ ಖರ್ಚು ಮನೆಯ ಮೇಲೆಯೇ. ಜನೌಷಧಿ ಕೇಂದ್ರಗಳಲ್ಲಿ ಇದೇ ಔಷಧಗಳು ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ಅದೂ ಆಗದಿದ್ದರೆ ನಿಮ್ಮ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರ ಕಿವಿಗೆ ಹಾಕಿ. ಒಂದು ದಿನ ಬಿಟ್ಟು ಒಂದು ದಿನ ನುಂಗುವ ಉಳಿತಾಯ ಮಾತ್ರ ಬೇಡ.

ಟಿಕಾಗ್ರೆಲಾರ್‌ನಿಂದ ಕೆಲವರಿಗೆ ಉಸಿರು ಎಳೆದಂತಾಗುತ್ತದೆ, ಹೃದಯಬಡಿತ ತಗ್ಗಿಸುವ ಮಾತ್ರೆಯಿಂದ ಸುಸ್ತು, ಕೊಲೆಸ್ಟೆರಾಲ್ ಮಾತ್ರೆಯಿಂದ ಮೈಕೈನೋವು ಬರಬಹುದು. ಇದಕ್ಕೆ ಬೇರೆ ಮಾತ್ರೆಗಳಿವೆ, ವೈದ್ಯರಿಗೆ ಹೇಳಿದರೆ ಬದಲಿಸುತ್ತಾರೆ. ಮಂಡಿನೋವಿಗೆಂದು ಅಂಗಡಿಯಿಂದ ತಾವೇ ನೋವಿನ ಮಾತ್ರೆ ತಂದು ನುಂಗುವುದು ಅಪಾಯ; ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ಮಲ ಟಾರಿನಂತೆ ಕಪ್ಪಾದರೆ ಕೂಡಲೇ ತೋರಿಸಬೇಕು. ಇನ್ನು ಶುಂಠಿ, ಬೆಳ್ಳುಳ್ಳಿ, ನಿಂಬೆರಸ ಕುದಿಸಿ ಬ್ಲಾಕ್ ಕರಗಿಸುವ ಕಷಾಯದ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬೇಕು. ಸಾರಿಗೆ ಹಾಕಿಕೊಳ್ಳಿ, ಸಂತೋಷ. ಮಾತ್ರೆಯ ಬದಲಿಗೆ ಬೇಡ.

ದೇಹದ ವಿಷಯ ಇಷ್ಟಾದರೆ, ಮನಸ್ಸಿನ ವಿಷಯ ಯಾರ ಫೈಲಿನಲ್ಲೂ ಬರೆದಿರುವುದಿಲ್ಲ. ನಮ್ಮಲ್ಲಿ ಒಬ್ಬರು ಆಸ್ಪತ್ರೆಯಿಂದ ಬಂದ ಮೊದಲ ತಿಂಗಳು ರಾತ್ರಿ ಎಡಮಗ್ಗುಲಲ್ಲಿ ಮಲಗಲಿಲ್ಲ. ದಿಂಬಿಗೆ ಕಿವಿಯಿಟ್ಟರೆ ತಮ್ಮದೇ ಎದೆಬಡಿತ ಕೇಳುತ್ತಿತ್ತು. ಒಂದು ಬಡಿತ ತಪ್ಪಿದಂತಾದರೆ ಎದ್ದು ಕೂರುವುದು. ಬೆಳಗಾದರೆ ಸಣ್ಣದಕ್ಕೂ ಸಿಟ್ಟು. ಪೂಜೆಯಲ್ಲಿ ಪ್ರವೇಶಗೀತೆ ಶುರುವಾದೊಡನೆ ಕಾರಣವಿಲ್ಲದೆ ಕಣ್ಣೀರು. ಹೀಗಾಗುವುದು ವಿಶ್ವಾಸದ ಕೊರತೆಯೆಂದು ಅವರು ಪಾಪನಿವೇದನೆಯಲ್ಲೂ ಹೇಳಿಕೊಂಡರಂತೆ. ಅದು ಪಾಪವಲ್ಲ. ಹೃದಯಾಘಾತಕ್ಕೆ ಒಳಗಾದ ಸುಮಾರು ಐವರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಬರುತ್ತದೆಂದು ವೈದ್ಯರು ಹೇಳುತ್ತಾರೆ. ಸಾವು ಹೊಸ್ತಿಲವರೆಗೆ ಬಂದು ಹೋದ ಮೇಲೆ ಮನಸ್ಸು ಕದಲದಿದ್ದರೇ ಆಶ್ಚರ್ಯ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್‌ರವರು 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಮತ್ತೆ 2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಟಿ.ವಿ.ಯಲ್ಲಿ ದಿನವಿಡೀ ಬಂದಾಗ, ಸ್ಟೆಂಟ್ ಹಾಕಿಸಿಕೊಂಡ ಎಷ್ಟೋ ಮಂದಿ ನಿದ್ದೆ ಕಳೆದುಕೊಂಡರು. ಅಂಥ ದಿನಗಳಲ್ಲಿ ಟಿ.ವಿ. ಆರಿಸುವುದೂ ಒಂದು ಔಷಧ.

ಪವಿತ್ರ ಬೈಬಲಿನಲ್ಲಿ ಪ್ರವಾದಿ ಎಲೀಯನ ಪ್ರಸಂಗ ನಮಗೆಲ್ಲ ಗೊತ್ತು. ಕಾರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿಸಿದ ಮಹಾವೀರ, ಮರುದಿನವೇ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿ, ಅರಣ್ಯದಲ್ಲಿ ಜಾಲೀಗಿಡದ ಕೆಳಗೆ ಕುಳಿತು, ಸಾಕು ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿದ. ದೇವರು ಅವನಿಗೆ ಉಪದೇಶ ಮಾಡಲಿಲ್ಲ. ವಿಶ್ವಾಸ ಎಲ್ಲಿ ಹೋಯಿತು ಎಂದು ಗದರಿಸಲೂ ಇಲ್ಲ. ಮಲಗಲು ಬಿಟ್ಟರು. ದೂತನ ಕೈಯಲ್ಲಿ ಬಿಸಿ ರೊಟ್ಟಿ, ನೀರು ಕಳುಹಿಸಿದರು. ಅವನು ತಿಂದು ಮತ್ತೆ ಮಲಗಿದ. ಎರಡನೆಯ ಸಲವೂ ದೂತನೇ ಮುಟ್ಟಿ ಎಬ್ಬಿಸಿ ಊಟ ಕೊಟ್ಟ, ದಾರಿ ದೂರವಿದೆ ಎಂಬ ಎಚ್ಚರಿಕೆಯನ್ನೂ ಕೊಟ್ಟ. ಹೋರೇಬ್ ಬೆಟ್ಟದ ನಡಿಗೆ ಅದರ ನಂತರದ ಮಾತು. ಯಾಯೀರನ ಮಗಳನ್ನು ಎಬ್ಬಿಸಿದ ಪ್ರಭು ಯೇಸು ಕೂಡ ಆ ಬಾಲಕಿಗೆ ತಿನ್ನಲು ಏನಾದರೂ ಕೊಡಿ ಎಂದು ಮನೆಯವರಿಗೆ ಹೇಳಿದ್ದನ್ನು ಸಂತ ಮಾರ್ಕ ಮರೆಯದೆ ಬರೆದಿದ್ದಾರೆ. ರೋಗಿಯ ಮನೆಗೆ ಹೋಗಿ ನೀವು ಇನ್ನೂ ಹೆಚ್ಚು ಪ್ರಾರ್ಥಿಸಬೇಕು ಎಂದು ಬುದ್ಧಿ ಹೇಳುವ ನಮ್ಮಂಥವರು ಇದನ್ನು ಎರಡು ಸಲ ಓದಬೇಕು.

ಕೊಲ್ಕತ್ತಾದ ಸಂತ ತೆರೆಸಾರವರ ಉದಾಹರಣೆಯೂ ನಮ್ಮ ಕಣ್ಣೆದುರಿನದೇ. 1983ರಲ್ಲಿ ರೋಮ್‌ನಲ್ಲಿ ಅವರಿಗೆ ಹೃದಯಾಘಾತವಾಯಿತು. 1989ರಲ್ಲಿ ಪೇಸ್‌ಮೇಕರ್ ಹಾಕಿದರು. 1996ರ ನವೆಂಬರ್‌ನಲ್ಲಿ ಕೊಲ್ಕತ್ತಾದಲ್ಲಿ ಹೃದಯದ ನಾಳಗಳಿಗೆ ಆಂಜಿಯೋಪ್ಲಾಸ್ಟಿ ನಡೆಯಿತು. ಆಸ್ಪತ್ರೆಯಲ್ಲಿದ್ದಾಗ ಹಗಲು ಶಾಂತರಾಗಿರುತ್ತಿದ್ದ ಅವರು ರಾತ್ರಿ ವಿಪರೀತ ತಳಮಳಪಡುತ್ತಿದ್ದರು, ಮೈಗೆ ಹಾಕಿದ ತಂತಿಗಳನ್ನು ಎಳೆಯುತ್ತಿದ್ದರು ಎಂದು ಅಲ್ಲಿನ ಮಹಾಧರ್ಮಾಧ್ಯಕ್ಷರಾಗಿದ್ದ ಹೆನ್ರಿ ಡಿಸೋಜರವರು 2001ರಲ್ಲಿ ತಿಳಿಸಿದರು. ದುಷ್ಟಾತ್ಮ ನಿವಾರಣೆಯ ಪ್ರಾರ್ಥನೆ ಮಾಡಿಸಿದ ಮೇಲೆ ಅವರು ನಿದ್ರಿಸಿದರಂತೆ. ಪತ್ರಿಕೆಗಳು ಆ ಪ್ರಾರ್ಥನೆಯನ್ನೇ ದೊಡ್ಡದು ಮಾಡಿದವು. ನಮಗೆ ಮುಖ್ಯವಾಗಿ ಕಂಡದ್ದು ಬೇರೆ: ಹೃದಯದ ಕಾಯಿಲೆಯ ರಾತ್ರಿಗಳು ಸಂತರನ್ನೂ ಬಿಡಲಿಲ್ಲ. 1997ರ ಮಾರ್ಚ್‌ನಲ್ಲಿ ಅವರು ತಮ್ಮ ಸಭೆಯ ಮುಖ್ಯಸ್ಥೆಯ ಜವಾಬ್ದಾರಿಯನ್ನು ಸಿಸ್ಟರ್ ನಿರ್ಮಲಾರವರಿಗೆ ಬಿಟ್ಟುಕೊಟ್ಟರು. ಗಾಯನವೃಂದವನ್ನೋ ಧರ್ಮಕೇಂದ್ರದ ಪಾಲನಾ ಸಮಿತಿಯನ್ನೋ ಬಿಡಲೊಲ್ಲದ ನಮ್ಮ ಹಿರಿಯರಿಗೆ ಇದನ್ನು ನೆನಪಿಸಿದರೆ ಕೋಪಿಸಿಕೊಳ್ಳಲಾರರೆಂದು ನಂಬಿದ್ದೇವೆ.

ಎರಡು ವಾರ ಕಳೆದರೂ ಬೇಸರ ಹೋಗದೆ, ಊಟ ನಿದ್ದೆ ಕೆಟ್ಟು, ಬದುಕಿ ಏನು ಪ್ರಯೋಜನ ಎನ್ನುವ ಮಾತು ಬಂದರೆ ವೈದ್ಯರಿಗೆ ಹೇಳಲೇಬೇಕು. ಖಿನ್ನತೆಗೆ ಔಷಧವಿದೆ, ಆಪ್ತಸಮಾಲೋಚನೆ ಇದೆ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಹೆಂಡತಿ ಅಥವಾ ಗಂಡನ ಸ್ಥಿತಿಯನ್ನು ಯಾರೂ ವಿಚಾರಿಸುವುದಿಲ್ಲ. ಒಬ್ಬ ತಾಯಿ ರಾತ್ರಿ ಮೂರು ಸಲ ಎದ್ದು ಗಂಡನ ಮೂಗಿನ ಮುಂದೆ ಬೆರಳಿಟ್ಟು ನೋಡುತ್ತಿದ್ದರು. ಹಗಲಲ್ಲಿ ಅವರನ್ನು ಅಂಗಳಕ್ಕೂ ಬಿಡುತ್ತಿರಲಿಲ್ಲ. ಆತನಿಗೋ ತಾನು ಮುಗಿದುಹೋದವನೆಂಬ ಭಾವ. ಇಬ್ಬರೂ ಒಬ್ಬರನ್ನೊಬ್ಬರು ಹೆದರಿಸಿಕೊಂಡೇ ಎರಡು ತಿಂಗಳು ಕಳೆದರು. ತಪಾಸಣೆಗೆ ಹೋಗುವಾಗ ಇಬ್ಬರೂ ವೈದ್ಯರ ಕೋಣೆಯೊಳಗೆ ಹೋಗಿ, ಏನು ಮಾಡಬಹುದು, ಏನು ಬೇಡ ಎಂದು ಒಟ್ಟಿಗೆ ಕೇಳಿಸಿಕೊಂಡರೆ ಅರ್ಧ ಜಗಳ ತಪ್ಪುತ್ತದೆ. ದಾಂಪತ್ಯದ ಸಾಮೀಪ್ಯದ ಬಗ್ಗೆಯೂ ಕೇಳಿ, ನಾಚಬೇಡಿ. ಎದೆನೋವಿಲ್ಲದೆ, ಏದುಸಿರಿಲ್ಲದೆ ಎರಡು ಅಂತಸ್ತಿನ ಮೆಟ್ಟಿಲು ಹತ್ತುವಷ್ಟು ಚೇತರಿಸಿಕೊಂಡವರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಲೈಂಗಿಕ ಶಕ್ತಿಯ ಮಾತ್ರೆಗಳು ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್‌ನಂಥ ಮಾತ್ರೆಯೊಂದಿಗೆ ಸೇರಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ.

ರೋಗಿಗಳ ಅಭ್ಯಂಗ ಸಂಸ್ಕಾರದ ಬಗೆಗೂ ಒಂದು ಮಾತು. ಗುರುಗಳನ್ನು ಕರೆಸೋಣವೇ ಎಂದರೆ ಮನೆಯವರ ಮುಖ ಬಿಳಿಚುತ್ತದೆ. ಅಷ್ಟು ಹೊತ್ತಾಯಿತೇ ಎಂಬ ಭಯ. ಇದು ಕೇವಲ ಸಾಯುವವರ ಸಂಸ್ಕಾರವಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿತು. ಗಂಭೀರ ಕಾಯಿಲೆಯ ಅಪಾಯ ಶುರುವಾದಾಗಲೇ ಅದರ ಸಮಯ. ಗುಣವಾಗಿ ಮತ್ತೆ ಕಾಯಿಲೆಬಿದ್ದರೆ ಮತ್ತೆಯೂ ಸ್ವೀಕರಿಸಬಹುದು. ನಮ್ಮಲ್ಲಿ ಒಬ್ಬರು ಆಂಜಿಯೋಪ್ಲಾಸ್ಟಿಯ ಹಿಂದಿನ ಸಂಜೆ ಅದನ್ನು ಪಡೆದರು. ಆ ರಾತ್ರಿ ನಿದ್ದೆ ಬಂತು ಎನ್ನುತ್ತಾರೆ.

ನಡಿಗೆಯನ್ನು ಐದು, ಹತ್ತು ನಿಮಿಷದಿಂದ, ದಿನಕ್ಕೆರಡು ಸಲ, ಸಮತಟ್ಟಾದ ಜಾಗದಲ್ಲಿ ಶುರುಮಾಡಬೇಕು. ನಡೆಯುತ್ತ ಪಕ್ಕದವರೊಂದಿಗೆ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ ಎಂದರ್ಥ. ನಾವು ಅದನ್ನು ಜಪಸರದ ಅಳತೆಯಲ್ಲಿ ಹೇಳುತ್ತೇವೆ: ಮೊದಲ ವಾರ ಎರಡು ರಹಸ್ಯ, ಆಮೇಲೆ ಮೂರು. ಬಾಯಿಬಿಟ್ಟು ಹೇಳಲು ಉಸಿರು ಸಾಲದಿದ್ದರೆ ನಿಲ್ಲಿ. ಕೆಲವು ವಾರಗಳಲ್ಲಿ ದಿನಕ್ಕೆ ಅರ್ಧ ಗಂಟೆಗೆ ತಲುಪಬಹುದು. ಊಟವಾದ ಕೂಡಲೇ ನಡಿಗೆ ಬೇಡ. ವೇಳಾಂಕಣ್ಣಿಗೆ ಕಾಲ್ನಡಿಗೆಯ ಹರಕೆ ಹೊತ್ತವರು ಗುರುಗಳೊಂದಿಗೆ ಮಾತಾಡಿ. ಹರಕೆಯನ್ನು ಬದಲಾಯಿಸಿಕೊಡುವ ಅಧಿಕಾರ ಧರ್ಮಸಭೆಗಿದೆ, ಮಾತೆಗೆ ರೈಲಿನಲ್ಲಿ ಬಂದವರ ಮೇಲೂ ಪ್ರೀತಿಯಿದೆ. ಬೀಡಿ, ಸಿಗರೇಟಿನ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲವೇ ಇಲ್ಲ. ಹಬ್ಬದ ಊಟದಲ್ಲಿ ಹಂದಿಮಾಂಸದ ಕೊಬ್ಬು, ಒಣಮೀನು, ಉಪ್ಪಿನಕಾಯಿ, ಹಪ್ಪಳಗಳನ್ನು ದೂರವಿಡಬೇಕು. ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಉಪ್ಪು ಸಾಕು. ಸ್ವಲ್ಪ ಎಂದು ಒತ್ತಾಯಿಸುವ ನೆಂಟರಿಗೆ ಮನೆಯೊಡತಿಯೇ ಉತ್ತರ ಕೊಡುವುದು ಒಳ್ಳೆಯದು, ರೋಗಿಯನ್ನು ಆ ಸಂಕಟಕ್ಕೆ ಸಿಕ್ಕಿಸಬಾರದು.

ಇನ್ನು ಅಪಾಯದ ಗುರುತು. ಸ್ಟೆಂಟ್ ಹಾಕಿದ ಮೊದಲ ದಿನಗಳಲ್ಲಿ ಎದೆಯಲ್ಲಿ ಸಣ್ಣ ಚುಳುಕು ಬಂದು ಹೋಗುವುದುಂಟು. ಆದರೆ ಎದೆ ಹಿಂಡಿದಂತೆ, ಭಾರ ಇಟ್ಟಂತೆ ನೋವು, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆ ಬೆವರು, ಉಸಿರುಗಟ್ಟುವುದು ಕಂಡರೆ ಕೂಡಲೇ ಕುಳಿತುಕೊಳ್ಳಿ. ವೈದ್ಯರು ನಾಲಿಗೆ ಕೆಳಗಿನ ಮಾತ್ರೆ ಕೊಟ್ಟಿದ್ದರೆ ಒಂದನ್ನು ಇಟ್ಟುಕೊಳ್ಳಿ. ಐದು ನಿಮಿಷದಲ್ಲಿ ಇಳಿಯದಿದ್ದರೆ 108ಕ್ಕೆ ಕರೆಮಾಡಿ. ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ ನೋವಿಲ್ಲದೆ ಬರೀ ಸುಸ್ತು, ಏದುಸಿರು, ಹೊಟ್ಟೆಯ ಮೇಲ್ಭಾಗದ ಉರಿಯಾಗಿಯೂ ಬರಬಹುದು. ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಬೆಳಗಿನವರೆಗೆ ಕಾದ ಒಬ್ಬ ತಾಯಿಯ ಉತ್ತರಕ್ರಿಯೆಗೆ ನಾವು ಹೋಗಿಬಂದಿದ್ದೇವೆ.

ಹಲ್ಲುನೋವಿನ ಆ ಹಿರಿಯರ ಮನೆಗೆ ನಾವು ಈಗಲೂ ಹೋಗುತ್ತೇವೆ. ಕಾಫಿಗೆ ಮೊದಲು ಮಾತ್ರೆಯ ಡಬ್ಬಿ ತೋರಿಸಿ ಎನ್ನುತ್ತೇವೆ. ಏಳು ಖಾನೆಗಳ ಡಬ್ಬಿ, ಮೊಮ್ಮಗಳು ಶನಿವಾರ ರಾತ್ರಿ ತುಂಬಿಸಿಡುತ್ತಾಳೆ. ಕಳೆದ ಮೊದಲ ಶುಕ್ರವಾರ ಮಗನ ತೋಳು ಹಿಡಿದು ದೇವಾಲಯಕ್ಕೆ ಬಂದಿದ್ದರು. ಮೊಣಕಾಲೂರಲು ಹೊರಟವರನ್ನು ಗುರುಗಳು ಬಲಿಪೀಠದಿಂದಲೇ ಕೈಸನ್ನೆ ಮಾಡಿ ಕೂರಿಸಿದರು. ಈ ಸಲದ ಪವಿತ್ರ ಹೃದಯದ ಹಬ್ಬಕ್ಕೆ ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ, ಬಾಗಿಲ ಹತ್ತಿರ ನಾಲ್ಕು ಕುರ್ಚಿ ಹಾಕಿಸುತ್ತಿದ್ದೇವೆ. ಸ್ಟೆಂಟ್ ಹಾಕಿಸಿಕೊಂಡವರು ಯಾರೇ ಇರಲಿ, ಸಂಕೋಚವಿಲ್ಲದೆ ಬಂದು ಕುಳಿತುಕೊಳ್ಳಬಹುದು. ಮಾತ್ರೆ ನುಂಗಿ ಬನ್ನಿ.